ಎರಡು ಭಾಷೆಗಳ ತರಗತಿ: ಶಿಕ್ಷಕರ ಪ್ರಶ್ನೆಗಳಿಗೆ ಉತ್ತರ

ಕನ್ನಡ, ಇಂಗ್ಲಿಷ್ ಎರಡರಲ್ಲೂ ಪಾಠ ನಡೆಯುವ ತರಗತಿಗಳ ಶಿಕ್ಷಕರು ಮತ್ತು ಮುಖ್ಯ ಶಿಕ್ಷಕರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬಹುತೇಕ ಪತ್ರಗಳ ಸಂಕಟ ಒಂದೇ: ಮಾಡಬೇಕಾದ ಕೆಲಸ ಇಬ್ಬರದ್ದು, ಸಿಗುವ ಸಮಯ ಒಬ್ಬರದ್ದು. ಹಾಗಾಗಿ ಶಿಕ್ಷಕರು ಏನು ಮಾಡಬಹುದು ಎನ್ನುವುದರ ಜೊತೆಗೆ ಶಾಲೆ ಅವರಿಗೆ ಏನು ಮಾಡಿಕೊಡಬೇಕು ಎನ್ನುವುದನ್ನೂ ಬರೆದಿದ್ದೇವೆ.

ಪ್ರಶ್ನೆ: ನಾಲ್ಕನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವಾಕ್ಯವನ್ನೂ ಮೊದಲು ಇಂಗ್ಲಿಷಿನಲ್ಲಿ ಹೇಳಿ ಕೂಡಲೇ ಕನ್ನಡದಲ್ಲಿ ಹೇಳುತ್ತೇನೆ. ಮಕ್ಕಳು ಕನ್ನಡ ಬರುವವರೆಗೆ ಕಾಯುತ್ತಾರೆ, ಇಂಗ್ಲಿಷನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಪಾಠವೂ ಮುಗಿಯುತ್ತಿಲ್ಲ. ಏನು ಮಾಡಲಿ?
— ಸಹಶಿಕ್ಷಕಿ

ಉತ್ತರ: ನಿಮ್ಮ ಎರಡೂ ತೊಂದರೆಗೆ ವಾಕ್ಯಕ್ಕೆ ವಾಕ್ಯ ಅನುವಾದ ಮಾಡುವುದೇ ಕಾರಣ. ಇನ್ನು ಹತ್ತು ಸೆಕೆಂಡಿನಲ್ಲಿ ಅದೇ ಮಾತು ತನಗೆ ಬರುವ ಭಾಷೆಯಲ್ಲಿ ಬರುತ್ತದೆಂದು ಗೊತ್ತಿರುವ ಮಗು ಬಾರದ ಭಾಷೆಯ ಜೊತೆ ಯಾಕೆ ಗುದ್ದಾಡುತ್ತದೆ? ಜೊತೆಗೆ ಪ್ರತಿ ಮಾತನ್ನೂ ಎರಡು ಸಲ ಹೇಳಿದರೆ 40 ನಿಮಿಷದ ಪೀರಿಯಡ್‌ನಲ್ಲಿ ಉಳಿಯುವುದು 20 ನಿಮಿಷದ ಪಾಠ.

ಭಾಷೆಗಳನ್ನು ವಾಕ್ಯದೊಳಗೆ ಹಂಚಬೇಡಿ, ಪೀರಿಯಡ್‌ನೊಳಗೆ ಹಂಚಿ. ಮೊದಲ 5 ನಿಮಿಷ ಕನ್ನಡ: ಇವತ್ತಿನ ವಿಷಯ ಏನು, ಅದರ ಬಗ್ಗೆ ಮಕ್ಕಳಿಗೆ ಈಗಾಗಲೇ ಏನು ಗೊತ್ತು, ಪಾಠ ಮುಗಿಯುವ ಹೊತ್ತಿಗೆ ಯಾವ ಪ್ರಶ್ನೆಗೆ ಉತ್ತರ ಸಿಗಬೇಕು. ನಂತರದ 25 ನಿಮಿಷ ಪೂರ್ತಿ ಇಂಗ್ಲಿಷ್, ಅನುವಾದ ಇಲ್ಲ. ಕೊನೆಯ 10 ನಿಮಿಷ ಮತ್ತೆ ಕನ್ನಡ. ಆಗ ಮಾತಾಡುವವರು ಮಕ್ಕಳು: ಇಬ್ಬಿಬ್ಬರಾಗಿ ಕೂತು ಅರ್ಥವಾದದ್ದನ್ನು ಒಬ್ಬರಿಗೊಬ್ಬರು ಹೇಳಬೇಕು, ಆಮೇಲೆ ಮೂರು ನಾಲ್ಕು ಜೋಡಿ ಇಡೀ ತರಗತಿಗೆ ಹೇಳಬೇಕು. ಒಂದು ಭಾಷೆಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಹೇಳಬೇಕೆಂದರೆ ವಿಷಯ ತಲೆಯೊಳಗೆ ಇಳಿದಿರಲೇಬೇಕು, ಬಾಯಿಪಾಠ ಅಲ್ಲಿ ನಡೆಯುವುದಿಲ್ಲ. ಇಂಥ ಪದ್ಧತಿಯನ್ನು ವೇಲ್ಸ್‌ನ ಶಿಕ್ಷಣತಜ್ಞ ಕೆನ್ ವಿಲಿಯಮ್ಸ್ 1990ರ ದಶಕದಲ್ಲಿ ವೆಲ್ಷ್–ಇಂಗ್ಲಿಷ್ ತರಗತಿಗಳಲ್ಲಿ ಗುರುತಿಸಿ ಹೆಸರಿಟ್ಟರು. ಇವತ್ತು ಅದು ‘ಟ್ರಾನ್ಸ್‌ಲ್ಯಾಂಗ್ವೇಜಿಂಗ್’ ಎಂದು ಪ್ರಸಿದ್ಧ.

ನಡುವಿನ 25 ನಿಮಿಷ ನಿಲ್ಲುವುದು ಕಣ್ಣಿಗೆ ಕಾಣುವ ವಸ್ತುವಿನ ಮೇಲೆ. ಆವಿಯಾಗುವಿಕೆಯ ಪಾಠ ಎನ್ನಿ. ಒಂದೇ ಅಳತೆಯ ಎರಡು ತಟ್ಟೆ, ಎರಡರಲ್ಲೂ ಎರಡೆರಡು ಚಮಚ ನೀರು, ಒಂದು ಬಿಸಿಲಿಗೆ, ಇನ್ನೊಂದು ಮುಚ್ಚಳ ಹಾಕಿ ನೆರಳಿಗೆ. ಇದನ್ನು ಬೆಳಗ್ಗೆ ಮೊದಲ ಪೀರಿಯಡ್‌ನಲ್ಲೇ ಇಡಿಸಿ, ಮಧ್ಯಾಹ್ನದ ಪಾಠದಲ್ಲಿ ತೆಗೆಸಿ ನೋಡಿ. ಮುಂದೆ ಖಾಲಿ ತಟ್ಟೆ ಇರುವಾಗ ‘ದ ವಾಟರ್ ಇವಾಪೊರೇಟೆಡ್’ ಎಂಬ ವಾಕ್ಯಕ್ಕೆ ಅನುವಾದ ಬೇಕಾಗುವುದಿಲ್ಲ. ಇಷ್ಟಕ್ಕೆ ನೀವು ಸಿದ್ಧ ಮಾಡಿಕೊಳ್ಳಬೇಕಾದ್ದು 8 ಪದ, 3 ವಾಕ್ಯದ ಮಾದರಿ, 2 ಪ್ರಶ್ನೆ. ಅದಕ್ಕಿಂತ ಹೆಚ್ಚು ಪದ ಹಿಡಿದುಕೊಂಡರೆ ಒಂದೂ ನಿಲ್ಲುವುದಿಲ್ಲ.

ಈ ಕ್ರಮ ಕೆಡುವುದು ಎರಡು ಕಡೆ. ಮೊದಲನೆಯದು, 5 ನಿಮಿಷದ ಕನ್ನಡ ಪೀಠಿಕೆ 15 ನಿಮಿಷವಾಗಿ, ಪಾಠವೆಲ್ಲ ಅಲ್ಲೇ ಮುಗಿದು, ಇಂಗ್ಲಿಷ್ ಭಾಗ ಬರೀ ಒಪ್ಪಿಸುವುದಾಗಿಬಿಡುತ್ತದೆ. ಗಡಿಯಾರ ನೋಡಿಕೊಂಡು ನಿಲ್ಲಿಸಿ. ಎರಡನೆಯದು, ಮಕ್ಕಳು ಪಿಳಿಪಿಳಿ ನೋಡುತ್ತಿದ್ದಾರೆಂದು ನಡುವೆಯೇ ಕನ್ನಡಕ್ಕೆ ಜಾರುವುದು. ಜಾರುವ ಮುಂಚೆ ವಸ್ತುವನ್ನು ಇನ್ನೊಮ್ಮೆ ತೋರಿಸಿ. ಆಗಲಿಲ್ಲವೇ, ಅದೇ ಮಾತನ್ನು ಅರ್ಧದಷ್ಟು ಉದ್ದದ ವಾಕ್ಯದಲ್ಲಿ ಹೇಳಿ. ಆಗಲೂ ಆಗದಿದ್ದರೆ ಅರ್ಥವಾದ ಮಗುವಿಗೆ ಪಕ್ಕದವರ ಕಿವಿಯಲ್ಲಿ ಕನ್ನಡದಲ್ಲಿ ಹೇಳಲು ಅರ್ಧ ನಿಮಿಷ ಕೊಡಿ. ನೀವು ಮಾತ್ರ ಭಾಷೆ ಬದಲಿಸಬೇಡಿ. ಕತ್ತರಿ, ಬೆಂಕಿ, ಬಿಸಿನೀರಿನ ಎಚ್ಚರಿಕೆ, ಮಗುವಿನ ಅಳು, ಹುಷಾರಿಲ್ಲದಿರುವುದು, ಜಗಳ — ಇವಕ್ಕೆ ಈ ನಿಯಮ ಇಲ್ಲ. ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಆ ಕ್ಷಣವೇ ಹೇಳಿ.

ಬೋರ್ಡಿನ ಮೇಲೆ ಕನ್ನಡಕ್ಕೆ ಒಂದು ಬಣ್ಣ, ಇಂಗ್ಲಿಷಿಗೆ ಇನ್ನೊಂದು ಬಣ್ಣ ಇರಲಿ. ಯಾವ ಬಣ್ಣವಾದರೂ ಸರಿ, ಆದರೆ ಇಡೀ ಶಾಲೆಯಲ್ಲಿ ಅದೇ ಆಗಿರಬೇಕು. ಒಂದೊಂದು ತರಗತಿಯಲ್ಲಿ ಒಂದೊಂದು ಬಣ್ಣವಾದರೆ ಗುರುತು ಅಲ್ಲಿಗೆ ಮುಗಿಯಿತು.

ಪ್ರಶ್ನೆ: ನಮ್ಮಲ್ಲಿ ಎರಡು ಸೆಕ್ಷನ್‌ಗೆ ಇಬ್ಬರು ಶಿಕ್ಷಕಿಯರು, ಒಬ್ಬರು ಕನ್ನಡದಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ ಕಲಿಸುತ್ತಾರೆ. ಮಧ್ಯಾಹ್ನ ಮಕ್ಕಳು ಅದಲುಬದಲಾಗುತ್ತಾರೆ. ಬೆಳಗ್ಗೆ ಒಬ್ಬರು ಮಾಡಿದ ಪಾಠವನ್ನೇ ಮಧ್ಯಾಹ್ನ ಇನ್ನೊಬ್ಬರು ಮತ್ತೆ ಮಾಡುತ್ತಿದ್ದಾರೆ. ಇದು ಸರಿಯೇ?
— ಮುಖ್ಯ ಶಿಕ್ಷಕರು

ಉತ್ತರ: ಅರ್ಧ ದಿನ ಒಂದು ಭಾಷೆ, ಅರ್ಧ ದಿನ ಇನ್ನೊಂದು ಎಂಬ ಏರ್ಪಾಡು ಹಳೆಯದು. ಅಮೆರಿಕದ ಮಯಾಮಿಯ ಕೋರಲ್ ವೇ ಶಾಲೆ 1963ರಲ್ಲೇ ಸ್ಪ್ಯಾನಿಷ್–ಇಂಗ್ಲಿಷ್‌ಗಳನ್ನು ಹೀಗೆ ನಡೆಸಿತು. ನಿಮ್ಮ ತೊಂದರೆ ಏರ್ಪಾಡಿನಲ್ಲಿಲ್ಲ, ಇಬ್ಬರೂ ಕೂತು ಮಾತಾಡುವ ಸಮಯ ಟೈಮ್‌ಟೇಬಲ್‌ನಲ್ಲಿ ಇಲ್ಲದಿರುವುದರಲ್ಲಿದೆ. ಇನ್ನೊಬ್ಬರು ಎಲ್ಲಿಗೆ ನಿಲ್ಲಿಸಿದರೆಂದು ಗೊತ್ತಿಲ್ಲದವರು ಮೊದಲಿಂದ ಶುರುಮಾಡದೆ ಬೇರೇನು ಮಾಡಿಯಾರು?

ಮಧ್ಯಾಹ್ನದ ಪಾಠ ಬೆಳಗಿನದರ ಮುಂದುವರಿಕೆಯಾಗಬೇಕು. ಕನ್ನಡದ ಶಿಕ್ಷಕಿ ಗಿಡದ ಭಾಗಗಳನ್ನು ಪರಿಚಯಿಸಿದರೆ, ಇಂಗ್ಲಿಷಿನವರು ಅವೇ ಭಾಗಗಳನ್ನು ಬಳಸಿ ಎರಡು ಗಿಡಗಳನ್ನು ಹೋಲಿಸಲಿ. ಪರಿಕಲ್ಪನೆ ಒಮ್ಮೆ ಒಂದು ಭಾಷೆಯಲ್ಲಿ ಕೂತರೆ ಸಾಕು, ಇನ್ನೊಂದರಲ್ಲಿ ಬೇಕಾಗುವುದು ಹೆಸರುಗಳು ಮತ್ತು ವಾಕ್ಯಗಳು ಮಾತ್ರ. ಯಾವ ಭಾಷೆ ಮೊದಲು ಎಂಬುದನ್ನು ಪಾಠದಿಂದ ಪಾಠಕ್ಕೆ ಬದಲಿಸಿ. ಸದಾ ಕನ್ನಡದಲ್ಲೇ ಪರಿಚಯವಾದರೆ ಇಂಗ್ಲಿಷ್ ಬರೀ ಅಭ್ಯಾಸದ ಭಾಷೆಯಾಗುತ್ತದೆ, ಸದಾ ಇಂಗ್ಲಿಷಿನಲ್ಲೇ ಆದರೆ ಕನ್ನಡ ಬರೀ ವಿವರಣೆಯ ಭಾಷೆಯಾಗುತ್ತದೆ.

ವಾರಕ್ಕೆ ಒಂದು 45 ನಿಮಿಷದ ಜಂಟಿ ಅವಧಿ ಮಾಡಿಕೊಡಿ. ಇದಕ್ಕೆ ಹೊಸ ಶಿಕ್ಷಕರು ಬೇಡ: ಎರಡೂ ಸೆಕ್ಷನ್‌ನ ಆಟ, ಚಿತ್ರಕಲೆ ಅಥವಾ ಗ್ರಂಥಾಲಯದ ಪೀರಿಯಡ್ ಒಂದೇ ಹೊತ್ತಿಗೆ ಬರುವಂತೆ ಟೈಮ್‌ಟೇಬಲ್ ಹಾಕಿದರೆ ಇಬ್ಬರೂ ಒಟ್ಟಿಗೆ ಬಿಡುವಾಗುತ್ತಾರೆ. ಅವಧಿಯ ಮೊದಲ 10 ನಿಮಿಷ ಆರು ಮಕ್ಕಳ ನೋಟ್‌ಬುಕ್ ನೋಡಲಿ: ಚೆನ್ನಾಗಿ ಓದುವ ಇಬ್ಬರು, ನಡುವಿನ ಇಬ್ಬರು, ಹಿಂದಿರುವ ಇಬ್ಬರು, ಪ್ರತಿಯೊಬ್ಬರ ಎರಡೂ ಭಾಷೆಯ ಪುಟಗಳು ಅಕ್ಕಪಕ್ಕ. ಮುಂದಿನ 20 ನಿಮಿಷದಲ್ಲಿ ಬರುವ ವಾರದ ಪಾಠಗಳನ್ನು ಯಾರು ಎಲ್ಲಿಂದ ಎಲ್ಲಿಗೆ ಎಂದು ಹಂಚಿಕೊಳ್ಳಲಿ. ಉಳಿದದ್ದು ಪದಗಳಿಗೆ. ದಿನನಿತ್ಯಕ್ಕೆ ಒಂದು ಚೀಟಿ ಸಾಕು, ಮೂರೇ ಸಾಲು: ಎಲ್ಲಿಗೆ ನಿಂತಿತು, ಯಾವ ಪದ ಬಂತು, ಯಾರಿಗೆ ಅರ್ಥವಾಗಲಿಲ್ಲ. ಮಕ್ಕಳು ಅದಲುಬದಲಾಗುವಾಗ ಚೀಟಿಯೂ ಕೈ ಬದಲಿಸಲಿ.

ಈ 45 ನಿಮಿಷವನ್ನು ನುಂಗುವುದು ರಜೆ ಹಾಕಿದವರ ಬದಲಿ ಪೀರಿಯಡ್. ಇಬ್ಬರು ಬಿಡುವಾಗಿ ಕೂತಿರುವುದು ಕಂಡ ಕೂಡಲೇ ಒಬ್ಬರನ್ನು ಇನ್ನೊಂದು ತರಗತಿಗೆ ಕಳಿಸಬೇಕೆನಿಸುತ್ತದೆ. ದಯವಿಟ್ಟು ಕಳಿಸಬೇಡಿ. ಟೈಮ್‌ಟೇಬಲ್‌ನಲ್ಲಿ ಆ ಚೌಕವನ್ನು ಖಾಲಿ ಬಿಡದೆ ‘ಜಂಟಿ ತಯಾರಿ’ ಎಂದೇ ಬರೆಯಿರಿ. ಖಾಲಿ ಕಂಡ ಪೀರಿಯಡ್ ಯಾವತ್ತೂ ಉಳಿಯುವುದಿಲ್ಲ.

ಪ್ರಶ್ನೆ: ಮೂರನೇ ತರಗತಿಯ ಹುಡುಗನೊಬ್ಬ ಬಾಯಿಲೆಕ್ಕದಲ್ಲಿ ಚುರುಕು. ಇಂಗ್ಲಿಷಿನಲ್ಲಿ ಪ್ರಶ್ನೆಪತ್ರಿಕೆ ಕೊಟ್ಟರೆ ಅರ್ಧಕ್ಕರ್ಧ ತಪ್ಪು. ಇವನಿಗೆ ಗಣಿತ ಬರುತ್ತದೋ ಇಲ್ಲವೋ? ಅಂಕ ಹೇಗೆ ಹಾಕಲಿ?
— ಗಣಿತ ಶಿಕ್ಷಕ

ಉತ್ತರ: ಮೊದಲು ತಪ್ಪು ಎಲ್ಲಿದೆ ಎಂದು ಪತ್ತೆ ಮಾಡಿ. ಒಂದೇ ಬಗೆಯ ಆರು ಲೆಕ್ಕಗಳನ್ನು ಮೂರು ರೂಪದಲ್ಲಿ ಕೊಡಿ: ಬರೀ ಅಂಕಿಗಳಲ್ಲಿ, ಕನ್ನಡದಲ್ಲಿ ಬಾಯಿಮಾತಿನಲ್ಲಿ, ಇಂಗ್ಲಿಷಿನಲ್ಲಿ ಬರೆದು. ಪ್ರತಿ ಸಲ ಸಂಖ್ಯೆಗಳನ್ನು ಬದಲಿಸಿ, ಇಲ್ಲದಿದ್ದರೆ ಉತ್ತರ ನೆನಪಿನಿಂದ ಬರುತ್ತದೆ. ಮೂರನ್ನೂ ಒಂದೇ ದಿನ ಮಾಡಿಸಬೇಡಿ. ಅಂಕಿಯಲ್ಲೂ ಕನ್ನಡದಲ್ಲೂ ಸರಿ, ಇಂಗ್ಲಿಷಿನಲ್ಲಿ ಮಾತ್ರ ತಪ್ಪು ಎಂದರೆ ತೊಡಕು ಭಾಷೆಯದು. ಅಂಕಿಯಲ್ಲಿ ಸರಿ, ಎರಡೂ ಭಾಷೆಯಲ್ಲಿ ತಪ್ಪು ಎಂದರೆ ಹೇಳಿಕೆಯ ಲೆಕ್ಕವನ್ನು ಬಿಡಿಸಿಕೊಳ್ಳುವುದೇ ಬಂದಿಲ್ಲ, ಅದನ್ನು ಕನ್ನಡದಲ್ಲೇ ಕಲಿಸಬೇಕು. ಮೂರರಲ್ಲೂ ತಪ್ಪಾದರೆ ಲೆಕ್ಕವೇ ಬಂದಿಲ್ಲ.

ಭಾಷೆಯ ತೊಡಕು ಎಂದು ಗೊತ್ತಾದ ಮೇಲೆ ಕೆಲವು ಜಾಗಗಳನ್ನು ಖಚಿತವಾಗಿ ನೋಡಿ, ಕನ್ನಡದ ಮಕ್ಕಳು ಎಡವುವುದು ಸಾಮಾನ್ಯವಾಗಿ ಅಲ್ಲೇ. ಕನ್ನಡದಲ್ಲಿ ‘9ರಿಂದ 4 ಕಳೆ’ ಎನ್ನುತ್ತೇವೆ. ಕಿವಿಗೆ ಬಿದ್ದ ಕ್ರಮದಲ್ಲೇ 9 − 4 ಎಂದು ಬರೆದರೆ ಸರಿ. ಇಂಗ್ಲಿಷಿನಲ್ಲಿ ‘ಸಬ್‌ಟ್ರಾಕ್ಟ್ 4 ಫ್ರಮ್ 9’. ಕೇಳಿದ ಕ್ರಮದಲ್ಲಿ ಬರೆದರೆ 4 − 9. ಹುಡುಗನಿಗೆ ಕಳೆಯುವುದು ಚೆನ್ನಾಗಿ ಬರುತ್ತದೆ, ಆದರೆ ‘ಫ್ರಮ್’ ಆದಮೇಲೆ ಬರುವ ಸಂಖ್ಯೆಯನ್ನು ಮೊದಲು ಬರೆಯಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಭಿನ್ನರಾಶಿಯಲ್ಲೂ ಹೀಗೇ. ‘ಮೂರನೇ ಎರಡು ಭಾಗ’ ಎಂಬಲ್ಲಿ ಛೇದ ಮೊದಲು ಬರುತ್ತದೆ, ‘ಟೂ ಥರ್ಡ್ಸ್’ ಎಂಬಲ್ಲಿ ಅಂಶ ಮೊದಲು. ಕನ್ನಡದ ಕ್ರಮಕ್ಕೆ ಒಗ್ಗಿದ ಕೈ ಇಂಗ್ಲಿಷ್ ಕೇಳಿ 3/2 ಬರೆದರೆ ಅಚ್ಚರಿಯಿಲ್ಲ. ಸಣ್ಣ ತರಗತಿಗಳಲ್ಲಿ 13ರಿಂದ 19ರವರೆಗಿನ ಸಂಖ್ಯೆಗಳದ್ದೂ ಇದೇ ಪಾಡು. ‘ಹದಿಮೂರು’ ಎಂಬಲ್ಲಿ ಹತ್ತು ಮೊದಲು, ‘ಥರ್ಟೀನ್’ ಎಂಬಲ್ಲಿ ಮೂರು ಮೊದಲು, ಹಾಗಾಗಿ 31 ಎಂದು ಬರೆಯುತ್ತಾರೆ. ಥರ್ಟೀನ್–ಥರ್ಟಿ, ಸಿಕ್ಸ್‌ಟೀನ್–ಸಿಕ್ಸ್‌ಟಿ ಕೇಳುವಾಗಲೂ ಕಲಸಿಹೋಗುತ್ತವೆ.

ಇವನ್ನು ತಿದ್ದಲು ಎರಡು ಭಾಷೆಯ ವಾಕ್ಯಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆಯಿರಿ. 9ನ್ನು ಎರಡರಲ್ಲೂ ಸುತ್ತಿ ಗೆರೆ ಎಳೆದು ಜೋಡಿಸಿ, 4ನ್ನೂ ಹಾಗೇ ಮಾಡಿ. ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ. ಯಾಕೆ ಕತ್ತರಿಸಿದವು ಎಂದು ಮಕ್ಕಳನ್ನೇ ಕೇಳಿ. ದಿನಕ್ಕೆ ಇಂಥ ಒಂದು ಜೋಡಿ, 5 ನಿಮಿಷ. ಒಂದೇ ದಿನ ನಾಲ್ಕು ಜೋಡಿ ತೆಗೆದುಕೊಂಡರೆ ಎಲ್ಲವೂ ಗೋಜಲಾಗುತ್ತದೆ.

ಆದರೆ ‘ರವಿಗಿಂತ ಸೀತಾಳ ಬಳಿ 5 ಹೆಚ್ಚು’ ಎಂಬಂಥ ಲೆಕ್ಕ ಬಂದಾಗ ‘ಹೆಚ್ಚು’ ಕಂಡ ಕೂಡಲೇ ಕೂಡುವ ಅಭ್ಯಾಸ ಎರಡೂ ಭಾಷೆಯಲ್ಲಿ ಇರುತ್ತದೆ. ಸೀತಾಳದ್ದು ಕೊಟ್ಟು ರವಿಯದ್ದು ಕೇಳಿ ನೋಡಿ, ಗೊತ್ತಾಗುತ್ತದೆ. ಅದನ್ನು ಇಂಗ್ಲಿಷಿನ ತಲೆಗೆ ಕಟ್ಟಬೇಡಿ.

ಅಂಕದ ಪುಸ್ತಕದಲ್ಲಿ ಎರಡು ಕಾಲಂ ಇಟ್ಟುಕೊಳ್ಳಿ, ಒಂದು ಗಣಿತಕ್ಕೆ, ಒಂದು ಭಾಷೆಗೆ. ಉತ್ತರದ ಹಾದಿ ಸರಿಯಿದ್ದು ಇಂಗ್ಲಿಷ್ ವಾಕ್ಯ ಮುರಿದಿದ್ದರೆ ಗಣಿತದ ಅಂಕ ಪೂರ್ತಿ ಕೊಡಿ. ಇದನ್ನು ನೀವೊಬ್ಬರೇ ಮಾಡಿದರೆ ಮುಂದಿನ ತರಗತಿಯಲ್ಲಿ ಮಗುವಿಗೆ ಪೆಟ್ಟು ಬೀಳುತ್ತದೆ. ಶಾಲೆ ಲಿಖಿತ ನಿಯಮವಾಗಿಯೇ ಮಾಡಬೇಕು.

ಪ್ರಶ್ನೆ: ಮಕ್ಕಳು ಒಂದೇ ವಾಕ್ಯದಲ್ಲಿ ಎರಡೂ ಭಾಷೆ ಬೆರೆಸುತ್ತಾರೆ. ತಡೆಯಬೇಕೇ?
— ಒಂದನೇ ತರಗತಿಯ ಶಿಕ್ಷಕಿ

ಉತ್ತರ: ಮಾತಿನಲ್ಲಿ ತಡೆಯಬೇಡಿ. ಬಾರದ ಪದದ ಜಾಗದಲ್ಲಿ ಬರುವ ಪದ ಇಟ್ಟು ಮಾತು ಮುಂದುವರಿಸುವುದು ಕಲಿಕೆಯ ಲಕ್ಷಣ. ಮಗು ಹೇಳಿದ್ದನ್ನೇ ನೀವು ಆ ಹೊತ್ತಿನ ಪಾಠದ ಭಾಷೆಯಲ್ಲಿ ಪೂರ್ತಿಯಾಗಿ ಹೇಳಿ ಮುಂದೆ ಹೋಗಿ, ಮಗುವಿನಿಂದ ಮತ್ತೆ ಹೇಳಿಸುವ ಅಗತ್ಯವಿಲ್ಲ. ಬರವಣಿಗೆಯಲ್ಲಿ ಮೊದಲ ಕರಡಿಗೆ ಬೆರಕೆ ನಡೆಯಲಿ, ಎರಡನೇ ಕರಡಿನಲ್ಲಿ ತಿದ್ದಿಸಿ.

ಪ್ರಶ್ನೆ: ಶಾಲೆಗೆ ಸೇರಿ ನಾಲ್ಕು ತಿಂಗಳಾದರೂ ಒಬ್ಬ ಹುಡುಗಿ ಇಂಗ್ಲಿಷ್ ಪೀರಿಯಡ್‌ನಲ್ಲಿ ಬಾಯಿ ಬಿಟ್ಟಿಲ್ಲ. ಚಿಂತೆಯಾಗುತ್ತಿದೆ.
— ಸಹಶಿಕ್ಷಕಿ

ಉತ್ತರ: ಹೊಸ ಭಾಷೆಗೆ ಬಂದ ಮಗು ತಿಂಗಳುಗಟ್ಟಲೆ ಬರೀ ಕೇಳುತ್ತ ಕೂರುವುದುಂಟು. ಅವಳಿಗೆ ಅರ್ಥವಾಗುತ್ತಿದೆಯೇ ಎಂದು ಮಾತಿಲ್ಲದೆ ಪರೀಕ್ಷಿಸಿ: ಚಿತ್ರ ತೋರಿಸು, ಪುಸ್ತಕ ಎತ್ತು, ಸರಿಯಾದ ಕಾರ್ಡ್ ಕೊಡು ಎಂದು ಇಂಗ್ಲಿಷಿನಲ್ಲಿ ಹೇಳಿ. ಮಾಡಿದರೆ ಭಾಷೆ ಒಳಗೆ ಹೋಗುತ್ತಿದೆ. ಮುಂದಿನ ಹೆಜ್ಜೆ ಎಲ್ಲರ ಜೊತೆ ಒಟ್ಟಾಗಿ ಹೇಳುವುದು, ಆಮೇಲೆ ಒಬ್ಬ ಗೆಳತಿಯ ಜೊತೆ, ಕೊನೆಗೆ ಒಂಟಿಯಾಗಿ. ಎದ್ದು ನಿಲ್ಲಿಸಿ ‘ಹೇಳು, ಹೇಳು’ ಎಂದು ಒತ್ತಾಯಿಸಿದರೆ ಇನ್ನಷ್ಟು ತಿಂಗಳು ಹಿಂದಕ್ಕೆ ಹೋಗುತ್ತಾಳೆ.

ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತೀರಿ ಎಂದೂ ನೋಡಿಕೊಳ್ಳಿ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ ಅವರು ವಿಜ್ಞಾನ ತರಗತಿಗಳನ್ನು ಗಮನಿಸಿದಾಗ ಶಿಕ್ಷಕರು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತಾಡತೊಡಗಿದರು. ಅದು ಒಂದೇ ಭಾಷೆಯ ಮಾತು. ಎರಡನೇ ಭಾಷೆಯಲ್ಲಿ ಉತ್ತರ ಕಟ್ಟಬೇಕಾದ ಮಗುವಿಗೆ ಇನ್ನೂ ಹೆಚ್ಚು ಕೊಡಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಮನೆಯವರನ್ನೂ ವಿಚಾರಿಸಿ: ಮನೆಯಲ್ಲಿ, ಮನೆಮಾತಿನಲ್ಲೂ ಅವಳು ಮಾತಾಡುವುದಿಲ್ಲ ಎಂದಾದರೆ ಅದು ಭಾಷಾ ಕಲಿಕೆಯ ಸಂಗತಿಯಲ್ಲ. ಕಿವಿ ಪರೀಕ್ಷೆ ಮಾಡಿಸಿ, ತಜ್ಞರಿಗೆ ತೋರಿಸಬೇಕು.

ಪ್ರಶ್ನೆ: ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ತರಬೇತಿಗೆ ಹೋಗಿಬಂದರೂ ತರಗತಿಯಲ್ಲಿ ಧೈರ್ಯ ಬರುವುದಿಲ್ಲ.
— ಹೆಸರು ಬೇಡ ಎಂದವರು

ಉತ್ತರ: ನಿಮ್ಮಂಥವರು ಬಹಳ ಮಂದಿ ಇದ್ದಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ತರಗತಿ ನಡೆಸಲು ಬೇಕಾದ ಇಂಗ್ಲಿಷ್‌ಗೆ ಒಂದು ಮಿತಿ ಇದೆ. ಪುಸ್ತಕ ತೆಗೆಯಿರಿ, ಇಬ್ಬಿಬ್ಬರಾಗಿ ಕೂರಿ, ಯಾಕೆ ಹಾಗಂತೀಯ, ಇನ್ನೊಮ್ಮೆ ನೋಡು — ಇಂಥ 25 ವಾಕ್ಯ ದಿನವೂ ಮರಳಿ ಮರಳಿ ಬರುತ್ತವೆ. ಮೊದಲು ಅವನ್ನು ಗಟ್ಟಿಮಾಡಿಕೊಳ್ಳಿ, ವಾರಕ್ಕೆ ಐದರಂತೆ. ಪಾಠದ ಮೂರು ಮುಖ್ಯ ವಾಕ್ಯಗಳನ್ನು ಮಾತ್ರ ಹಿಂದಿನ ದಿನ ಬರೆದು, ಇಂಗ್ಲಿಷ್ ಚೆನ್ನಾಗಿ ಬಲ್ಲ ಸಹೋದ್ಯೋಗಿಗೆ ತೋರಿಸಿ, ಅವರ ಬಾಯಲ್ಲಿ ಫೋನಿಗೆ ರೆಕಾರ್ಡ್ ಮಾಡಿಸಿಕೊಂಡು ಎರಡು ಮೂರು ಸಲ ಕೇಳಿ ಹೇಳಿ. ತರಗತಿಯಲ್ಲಿ ಪದ ತಿಳಿಯದಿದ್ದರೆ ‘ನೋಡಿ ನಾಳೆ ಹೇಳುತ್ತೇನೆ’ ಎನ್ನಿ, ಮಾರನೇ ದಿನ ತಪ್ಪದೆ ಹೇಳಿ. ಊಹೆಯ ಪದ ಕಲಿಸಿದರೆ ಅದನ್ನು ಅಳಿಸುವುದು ಕಷ್ಟ.

ತರಬೇತಿ ಯಾಕೆ ಹತ್ತಲಿಲ್ಲ ಎಂಬುದಕ್ಕೂ ಕಾರಣವಿದೆ. ಶಿಕ್ಷಕರ ತರಬೇತಿಯನ್ನು ಅಧ್ಯಯನ ಮಾಡಿದ ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಿಂದ ತೋರಿಸಿಕೊಟ್ಟಂತೆ, ಉಪನ್ಯಾಸ ಕೇಳಿದ್ದು ತರಗತಿಗೆ ಇಳಿಯುವುದು ಅಪರೂಪ. ಮಾಡಿ ತೋರಿಸಿ, ಮಾಡಿಸಿ, ಆಮೇಲೆ ನಿಮ್ಮ ತರಗತಿಗೇ ಬಂದು ಜೊತೆಗಿದ್ದು ತಿದ್ದುವವರು ಬೇಕು. ಹಾಗಾಗಿ ಮುಖ್ಯ ಶಿಕ್ಷಕರಲ್ಲಿ ಇನ್ನೊಂದು ತರಬೇತಿ ಕೇಳುವ ಬದಲು ಇದನ್ನು ಕೇಳಿ: ಒಂದು ಪಾಠ ಅನುಭವಿ ಸಹೋದ್ಯೋಗಿ ನಿಮ್ಮ ಮಕ್ಕಳಿಗೇ ಮಾಡಿ ತೋರಿಸಲಿ, ಮುಂದಿನದನ್ನು ಇಬ್ಬರೂ ಸೇರಿ ಮಾಡಿ, ಮೂರನೆಯದನ್ನು ನೀವು ಮಾಡಿ, ಅವರು ನೋಡಲಿ. ಆದ ಮೇಲೆ 15 ನಿಮಿಷ ಮಾತು, ಒಂದೇ ಒಂದು ಅಂಶದ ಬಗ್ಗೆ. ಆ ಸಹೋದ್ಯೋಗಿ ನಿಮ್ಮ ಕೆಲಸಕ್ಕೆ ದರ್ಜೆ ಹಾಕುವವರಾಗಿರಬಾರದು. ದರ್ಜೆ ಹಾಕುವವರ ಮುಂದೆ ಯಾರೂ ತಮಗೆ ಬಾರದ್ದನ್ನು ತೋರಿಸುವುದಿಲ್ಲ.

ಪ್ರಶ್ನೆ: ಪಾಲಕರ ಸಭೆಯಲ್ಲಿ ‘ಕನ್ನಡ ಯಾಕೆ, ಎಲ್ಲ ಇಂಗ್ಲಿಷಿನಲ್ಲೇ ಮಾಡಿ’ ಎಂದು ಶಿಕ್ಷಕಿಯರನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಏನು ಹೇಳಬೇಕು?
— ಉಪ ಮುಖ್ಯ ಶಿಕ್ಷಕಿ

ಉತ್ತರ: ಮೊದಲಿಗೆ, ಅದಕ್ಕೆ ಉತ್ತರ ಹೇಳುವ ಹೊಣೆ ಶಿಕ್ಷಕಿಯರ ಮೇಲೆ ಬೀಳಬಾರದು. ಇದು ಶಾಲೆಯ ನಿರ್ಧಾರ, ಶಾಲೆಯ ಪರವಾಗಿ ನೀವು ಅಥವಾ ಮುಖ್ಯ ಶಿಕ್ಷಕರು ಎದ್ದು ನಿಂತು ಹೇಳಬೇಕು.

ಹೇಳಬೇಕಾದ್ದನ್ನು ಎರಡು ಭಾಷೆಯ ಶಿಕ್ಷಣದ ಸಂಶೋಧಕ, ಕೆನಡಾದ ಜಿಮ್ ಕಮಿನ್ಸ್ 1979ರಲ್ಲೇ ಬಿಡಿಸಿಟ್ಟಿದ್ದಾರೆ. ಆಟದ ಬಯಲಿನ ಮಾತು ಬೇರೆ, ಪಾಠ ಓದಿ ಕಾರಣ ಬರೆಯುವ ಭಾಷೆ ಬೇರೆ. ಹೊಸ ಭಾಷೆ ಆಡುವವರ ನಡುವೆಯೇ ಬೆಳೆಯುವ ಮಗುವಿಗೂ ಮೊದಲನೆಯದು ಸುಮಾರು 2 ವರ್ಷದಲ್ಲಿ ಬಂದರೆ ಎರಡನೆಯದಕ್ಕೆ 5ರಿಂದ 7 ವರ್ಷ ಹಿಡಿಯುತ್ತದೆ. ಪಟಪಟನೆ ಇಂಗ್ಲಿಷ್ ಮಾತಾಡುವ ಮಗುವಿಗೆ ಸಮಾಜ ವಿಜ್ಞಾನದ ಪುಟ ಅರ್ಥವಾಗದಿರುವುದು ಇದಕ್ಕೇ. ಒಂದು ಭಾಷೆಯಲ್ಲಿ ಓದಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯ ಇನ್ನೊಂದಕ್ಕೆ ಹರಿಯುತ್ತದೆ ಎಂಬುದೂ ಅವರದೇ ವಾದ. ಕನ್ನಡದಲ್ಲಿ ಸಾರಾಂಶ ಬರೆಯಲು ಕಲಿತ ಮಗು ಇಂಗ್ಲಿಷಿನಲ್ಲಿ ಅದನ್ನು ಮತ್ತೆ ಮೊದಲಿಂದ ಕಲಿಯಬೇಕಿಲ್ಲ.

ಆದರೆ ಸಿದ್ಧಾಂತಕ್ಕೆ ಎರಡು ನಿಮಿಷ ಸಾಕು, ಉಳಿದ ಸಮಯಕ್ಕೆ ಮಕ್ಕಳ ಬರಹ ತೋರಿಸಿ. ಒಂದೇ ಮಗು ಒಂದೇ ವಿಷಯದ ಮೇಲೆ ಶುರುವಿನಲ್ಲಿ ಮತ್ತು ಮೂರು ತಿಂಗಳ ನಂತರ, ಎರಡೂ ಭಾಷೆಯಲ್ಲಿ ಬರೆದ ನಾಲ್ಕು ಪುಟ. ಪ್ರತಿ ಪಾಲಕರಿಗೆ ಅವರ ಮಗುವಿನದೇ ಕೊಡಿ, ಬೇರೆಯವರ ಮಗುವಿನದು ತೋರಿಸಬೇಡಿ. ಮನೆಯಲ್ಲಿ ಇಂಗ್ಲಿಷ್ ಬಾರದವರಿಗೆ ಅವರು ಮಾಡಬಹುದಾದ ಒಂದು ಕೆಲಸವನ್ನೂ ಹೇಳಿ ಕಳಿಸಿ: ಇವತ್ತು ಇಂಗ್ಲಿಷಿನಲ್ಲಿ ಏನು ಕಲಿತೆ ಎಂದು ಕನ್ನಡದಲ್ಲಿ ಕೇಳಿ ಹೇಳಿಸುವುದು.

ಪ್ರಶ್ನೆ: ಪ್ರತಿ ರಾತ್ರಿ ಪಠ್ಯವನ್ನು ಅನುವಾದಿಸಿ ವರ್ಕ್‌ಶೀಟ್ ಮಾಡುತ್ತೇನೆ. ನಿದ್ದೆಯೇ ಇಲ್ಲ.
— ಐದನೇ ತರಗತಿಯ ಶಿಕ್ಷಕಿ

ಉತ್ತರ: ಪಠ್ಯ ಪೂರ್ತಿ ಅನುವಾದಿಸುವುದನ್ನು ಇವತ್ತೇ ನಿಲ್ಲಿಸಿ. ಎರಡು ಭಾಷೆಯಲ್ಲಿ ಬೇಕಾದ್ದು ಚಿತ್ರದ ಹೆಸರುಗಳು, ಪ್ರಶ್ನೆಯ ವಾಕ್ಯಗಳು ಮತ್ತು ಮೊದಲ ಉತ್ತರದಲ್ಲಿ ಹೇಳಿದಂತೆ ಪಾಠದ 8 ಪದಗಳು, ಅಷ್ಟೇ. ಪಾರಿಭಾಷಿಕ ಪದವನ್ನು ನೀವೇ ಹುಟ್ಟಿಸಬೇಡಿ, ಕನ್ನಡ ಮಾಧ್ಯಮದ ಪಠ್ಯಪುಸ್ತಕದಲ್ಲಿ ಇರುವುದನ್ನೇ ಬಳಸಿ. ಇಲ್ಲವಾದರೆ ‘ಒತ್ತಡ’ ಒಂದು ತರಗತಿಯಲ್ಲಿ ಒಂದಾಗಿ, ಇನ್ನೊಂದರಲ್ಲಿ ಬೇರೆಯಾಗಿ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ.

ಮಾಡಿದ್ದನ್ನು ಎಸೆಯಬೇಡಿ. ಒಂದು ಪಾಠಕ್ಕೊಂದು ದೊಡ್ಡ ಲಕೋಟೆ, ಮೇಲೆ ತರಗತಿ ಮತ್ತು ಪಾಠದ ಹೆಸರು, ಒಳಗೆ ಪದಪಟ್ಟಿ, ಚಿತ್ರ, ವರ್ಕ್‌ಶೀಟ್‌ನ ಒಂದು ಪ್ರತಿ. ಸ್ಟಾಫ್ ರೂಮಿನ ಕಪಾಟಿನಲ್ಲಿ ಇಡಿ. ಪಾಠ ಮುಗಿದ ದಿನವೇ ಕೆಲಸ ಮಾಡದ್ದನ್ನು ಲಕೋಟೆಯ ಮೇಲೆ ಒಂದು ಸಾಲಿನಲ್ಲಿ ಬರೆಯಿರಿ, ಆಮೇಲೆ ನೆನಪಿರುವುದಿಲ್ಲ. ಅದೇ ತರಗತಿ ತೆಗೆದುಕೊಳ್ಳುವ ಮೂವರು ಪಾಠಗಳನ್ನು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಮೂರನೇ ಒಂದು ಭಾಗ ಬರುತ್ತದೆ, ಎರಡನೇ ವರ್ಷಕ್ಕೆ ತಿದ್ದುವ ಕೆಲಸ ಮಾತ್ರ ಉಳಿಯುತ್ತದೆ. ಕಾಗದ, ಜೆರಾಕ್ಸ್ ಖರ್ಚು ನಿಮ್ಮ ಕೈಯಿಂದ ಹೋಗಬಾರದು. ಶಾಲೆಯ ವರ್ಷದ ಬಜೆಟ್ ಬರೆಯುವ ಮುಂಚೆಯೇ ಲೆಕ್ಕ ಹಾಕಿ, ಬರಹದಲ್ಲಿ ಮುಖ್ಯ ಶಿಕ್ಷಕರಿಗೆ ಕೊಡಿ.